ಅರ್ಧ ಮೂಟೆ ಹೊಂಗೆಬೀಜ

"ಹಗ್ಗ ಇನ್ನೊಂದು ಸುತ್ತು ಸುತ್ರೋ. ಲಾರಿ ಮೇಲೆ ಕುಲುಕ್ತದೆ," ಎನ್ನುತ್ತ ಆಂಜಿನಪ್ಪ ಚಟ್ಟದ ಮೂಲೆಯ ಗಂಟನ್ನು ಕಾಲೂರಿ ಎಳೆದ. ಹಸಿ ಬಿದಿರು ಕಿರ್ರೆಂದಿತು.

ಅವನ ಅಪ್ಪ ಬೈಲಪ್ಪನನ್ನು ಜಗಲಿಯ ಮೇಲೆ ಗೋಡೆಗೊರಗಿಸಿ ಕೂರಿಸಿದ್ದರು. ಗಲ್ಲಕ್ಕೆ ಕಟ್ಟಿದ ಬಿಳಿ ಬಟ್ಟೆಯಿಂದಾಗಿ ಹಲ್ಲುನೋವು ಬಂದವನಂತೆ ಕಾಣುತ್ತಿದ್ದ. ಕಾಲ್ಬೆರಳುಗಳನ್ನು ಸೇರಿಸಿ ದಾರ ಕಟ್ಟಿದ್ದರು. ಅಂಗಾಲಿನ ಬಿರುಕುಗಳಲ್ಲಿ ಡಾಂಬರಿನ ಕಪ್ಪು ಇನ್ನೂ ಕೂತಿತ್ತು. ಬೆಳಿಗ್ಗೆ ಮೈ ತೊಳೆಯುವಾಗ ಸೀಗೆಪುಡಿ ಹಾಕಿ ಉಜ್ಜಿದರೂ ಅದು ಹೋಗಿರಲಿಲ್ಲ.

"ಲಾರಿ ಬೇಡ," ಎಂದಳು ಪಕ್ಕದಲ್ಲಿ ಕೂತಿದ್ದ ಅನುಸೂಯಮ್ಮ. ಗಂಡ ಹೋದ ಮೇಲೆ ಅವಳಾಡಿದ ಮೊದಲ ಮಾತು ಅದು.

"ಅಮ್ಮ, ಸುಡುಗಾಡಿರೋದು ಮೇನ್ ರೋಡಿನ ಆ ಕಡೆ. ಒಂದೂವರೆ ಮೈಲಿ ನಡ್ಕೊಂಡೋಗಿ, ಆಮೇಲೆ ರೋಡು ದಾಟ್ಬೇಕು. ಮದ್ರಾಸ್ ಲಾರಿಯೋರು ನಿಲ್ಸೋ ಪೈಕಿನಾ? ಚಟ್ಟ ಹೊತ್ಕೊಂಡು ಓಡಕ್ಕಾಗ್ತದಾ? ಫ್ಯಾಕ್ಟರಿ ಲಾರಿ ಕೇಳ್ಕೊಂಡು ಬಂದಿದೀನಿ, ಸುಮ್ನಿರು."

"ನಿಮ್ಮಪ್ಪನ್ನ ಲಾರಿಗೆ ಹತ್ಸಿ ನೋಡು. ಎದ್ದು ಇಳ್ಕೊಂಡು ನಡ್ಯಕ್ ಶುರು ಮಾಡ್ತಾರೆ."

ಯಾರೋ ಕಿಸಕ್ಕನೆ ನಕ್ಕು, ಅದನ್ನು ಕೆಮ್ಮಾಗಿ ಮಾಡಿಕೊಂಡರು. ತಾಯಿ ಮಗ ಇಬ್ಬರೂ ಎದುರಿನ ಕಲ್ಲುಬೆಂಚಿನ ಕಡೆ ನೋಡಿದರು.

ಅಲ್ಲಿ ಕೂತಿದ್ದವನು ಪಿಳ್ಳಪ್ಪ. ಮದ್ರಾಸು ರಸ್ತೆಯ ರಿಪೇರಿ ಗ್ಯಾಂಗಿಗೆ ಇಪ್ಪತ್ತೆರಡು ವರ್ಷ ಮೇಸ್ತ್ರಿಯಾಗಿದ್ದು ನಿವೃತ್ತನಾದವನು. ಬೈಲಪ್ಪ ಅವನ ಕೈಕೆಳಗೆ ಗ್ಯಾಂಗ್‌ಮನ್ ಆಗಿದ್ದ. ಬೆಳಿಗ್ಗೆ ಏಳಕ್ಕೆ ಬಂದವನು ಹೆಣದ ಹತ್ತಿರ ಹೋಗಿರಲಿಲ್ಲ. ತಂದ ಹಾರ ಮೊಣಕಾಲ ಮೇಲೆ ಬಾಡುತ್ತಿತ್ತು. ಅವನ ಎದೆಯೊಳಗೆ ಒಂದು ಮಾತು ಹನ್ನೆರಡು ವರ್ಷದಿಂದ ಕೂತಿತ್ತು. ಮಣ್ಣಾಗುವುದರೊಳಗೆ ಅದನ್ನು ಬೈಲಪ್ಪನಿಗೆ ಹೇಳಿಬಿಡಬೇಕು. ಹೆಣಕ್ಕೆ ಹೇಳುವುದು ಹೇಗೆ ಎಂಬುದು ಅವನಿಗೆ ತಿಳಿದಿರಲಿಲ್ಲ.

"ಮೇಸ್ತ್ರಣ್ಣ, ನೀವೇ ಹೇಳಿ," ಎಂದ ಆಂಜಿನಪ್ಪ.

ಪಿಳ್ಳಪ್ಪ ಎದ್ದು, ಗುಂಪಿನಲ್ಲಿ ನಿಂತಿದ್ದ ಜವರಪ್ಪನನ್ನು ಹುಡುಕಿದ. ಈಗಿನ ಮೇಸ್ತ್ರಿ ಅವನೇ.

"ಜವರಪ್ಪ, ಶೆಡ್ಡಿನಾಗೆ ಕೆಂಪು ಬಾವುಟ ಎರಡವಲ್ಲ, ತರಿಸು."

"ಅಣ್ಣ, ಅವು ರಿಪೇರಿ ಟೈಮಿಗೆ ಮಾತ್ರ. ನೀವೇ ಹೇಳ್ತಿದ್ರಲ್ಲ."

"ಹೌದು. ನಾನೇ ಹೇಳ್ತಿದ್ದೆ." ಸಂತೆಯ ದಿನ ಒಂದೇ ಒಂದು ಗಂಟೆ ಆ ಬಾವುಟ ಕೊಡಿ, ಮುದುಕಿಯರು ರಸ್ತೆ ದಾಟಲಿ ಎಂದು ಬೈಲಪ್ಪ ಎಷ್ಟು ಸಲ ಕೇಳಿದ್ದನೋ. "ಇವತ್ತು ರಿಪೇರಿ ಇತ್ತು ಅಂತ ಬರ್ಕೊ. ನಡ್ಕೊಂಡೇ ಹೋಗಾಣ."

*

ಅದು ಅರವತ್ತನಾಲ್ಕನೇ ಇಸವಿಯ ಚೈತ್ರ. ಮೇಲಿನಿಂದ ಆರ್ಡರು ಬಂದಿತ್ತು: ಏಳು ದಿನ ರಸ್ತೆಯ ಪಕ್ಕ ಕೂತು, ಹೋಗುವ ಬರುವ ಗಾಡಿಗಳನ್ನೆಲ್ಲ ಎಣಿಸಬೇಕು. ಹೊಸಕೋಟೆ ದಾಟಿದ ಮೇಲೆ ಸಿಗುವ ಕ್ರಾಸಿನ ದೊಡ್ಡ ಹೊಂಗೆಮರದ ಕೆಳಗೆ ಪಿಳ್ಳಪ್ಪ ಒಂದು ಮೇಜು ಹಾಕಿಸಿದ. ಬೆಳಗಿನ ಆರರಿಂದ ಸಂಜೆ ಆರರ ಪಾಳಿ ಬೈಲಪ್ಪನದು. ಗ್ಯಾಂಗಿನಲ್ಲಿ ನಾಲ್ಕನೇ ಕ್ಲಾಸು ಓದಿದವನು ಅವನೊಬ್ಬನೇ.

ಅಚ್ಚಾದ ಹಾಳೆಯಲ್ಲಿ ಐದು ಕಾಲಂಗಳಿದ್ದವು. ಲಾರಿ, ಬಸ್ಸು, ಕಾರು, ಎತ್ತಿನಗಾಡಿ, ಸೈಕಲ್ಲು. ಮೊದಲ ದಿನ ಹತ್ತು ಗಂಟೆಯ ಹೊತ್ತಿಗೆ ಬೈಲಪ್ಪ ಎದ್ದು ಬಂದ.

"ಮೇಸ್ತ್ರಣ್ಣ, ನಡ್ಯೋರ್ನ ಯಾವ ಕಾಲಂನಾಗೆ ಬರೀಲಿ?"

"ನಡ್ಯೋರು ಗಾಡಿಯೇನಯ್ಯ?"

"ಅಲ್ಲ."

"ಮತ್ತೆ? ಬಿಡು."

ಬೈಲಪ್ಪ ವಾಪಸ್ಸು ಹೋಗಿ ಕೂತ. ಬಿಟ್ಟನೆಂದೇ ಪಿಳ್ಳಪ್ಪ ತಿಳಿದ. ಮಧ್ಯಾಹ್ನ ನೋಡಿದರೆ ಮೇಜಿನ ಕೆಳಗೆ ಒಂದು ಡಬ್ಬ. ಲಾರಿ ಹೋದರೆ ಬೈಲಪ್ಪ ಹಾಳೆಯ ಮೇಲೆ ಗೀಟು ಎಳೆಯುತ್ತಿದ್ದ. ಯಾರಾದರೂ ನಡೆದು ಹೋದರೆ ಮರದ ಕೆಳಗೆ ಉದುರಿದ್ದ ಕಾಯಿ ಸುಲಿದು ಒಂದು ಹೊಂಗೆಬೀಜ ಡಬ್ಬಕ್ಕೆ ಹಾಕುತ್ತಿದ್ದ. ತರಕಾರಿ ಮಂಕ್ರಿ ಹೊತ್ತ ಹೆಂಗಸರು, ಸ್ಕೂಲಿಗೆ ಹೋಗುವ ಮಕ್ಕಳು, ಕುರಿ ಹೊಡೆದುಕೊಂಡು ಹೋಗುವವರು, ಲಾರಿ ಹಾರನ್ನು ಹೊಡೆದೊಡನೆ ಬೇಲಿಗೆ ಒತ್ತಿಕೊಂಡು ನಿಂತು, ಧೂಳು ಇಳಿದ ಮೇಲೆ ಮತ್ತೆ ಹೆಜ್ಜೆ ಹಾಕುವವರು. ಕಂಕುಳಲ್ಲಿ ಕೂಸಿದ್ದರೆ ಎರಡು ಬೀಜ.

"ಕೂಸು ನಡೀತದೇನೋ?" ಎಂದು ಪಿಳ್ಳಪ್ಪ ಛೇಡಿಸಿದ.

"ನಾಳೆ ನಡೀತದಲ್ಲ ಅಣ್ಣ."

ಏಳನೇ ದಿನ ಸಂಜೆ ಅದು ಅರ್ಧ ಮೂಟೆಯಾಗಿತ್ತು. ಒಂಬತ್ತು ಸಾವಿರದ ಮುನ್ನೂರ ನಲವತ್ತಾರು. ಆ ಸಂಖ್ಯೆ ಹೇಳುವಾಗ ಬೈಲಪ್ಪನ ದನಿ ತಗ್ಗಿತು, ಗರ್ಭಗುಡಿಯ ಮುಂದೆ ನಿಂತವರ ದನಿ ತಗ್ಗುವ ಹಾಗೆ. "ಲಾರಿ ಎಷ್ಟು ಗೊತ್ತಾ ಅಣ್ಣ? ಇದರಾಗೆ ಕಾಲು ಭಾಗಾನೂ ಇಲ್ಲ. ರೋಡು ಇವರದ್ದೇ. ಇವರಿಗೇ ಜಾಗ ಇಲ್ಲ." ಮುಂದಿನ ತಿಂಗಳು ಇಂಜಿನಿಯರು ಬರುವವರಿದ್ದರು. ಅವರ ಮುಂದೆ ಮೂಟೆ ಬಿಚ್ಚಿ ಸುರಿಯುತ್ತೇನೆ, ಆಮೇಲೆ ಅವರೇ ಹೇಳಲಿ ಎಂದು ಅವನು ಮೂಟೆಯ ಬಾಯಿ ಹೊಲಿದು ಶೆಡ್ಡಿನ ಮೂಲೆಯಲ್ಲಿಟ್ಟ.

ಇಂಜಿನಿಯರು ಬರುವ ವಾರ ಪಿಳ್ಳಪ್ಪ ಶೆಡ್ಡು ಚೊಕ್ಕಟ ಮಾಡಿಸಿದ. ಮೂಲೆಯಲ್ಲಿ ಹೊಂಗೆಬೀಜದ ಮೂಟೆ ಕಂಡಿತು. ಹೊಂಗೆಬೀಜ ಅಂದರೆ ದೀಪದೆಣ್ಣೆ. ಗಾಣಕ್ಕೆ ಹೊರಿಸಿ ಕಳಿಸಿದ. ಅವನಿಗೆ ನೆನಪಿರಲಿಲ್ಲವೇ? ಇತ್ತು. ಒಂದು ಕ್ಷಣ ಕೈ ತಡೆದದ್ದೂ ನಿಜ. ಬೀಜ ಸುರಿದು ಸಾಹೇಬರ ಮುಂದೆ ಇವನೊಂದು ನಗೆಪಾಟಲು ಮಾಡಿದರೆ ಬೈಸಿಕೊಳ್ಳುವವನು ಮೇಸ್ತ್ರಿ ತಾನೆ ಎಂದು ಆ ಕೈಯೇ ಮೂಟೆಯನ್ನು ಎತ್ತಿಕೊಟ್ಟಿತು. ಐದು ಬಾಟಲಿ ಎಣ್ಣೆ ಬಂತು. ಹೆಂಡತಿ ಆದಿಲಕ್ಷ್ಮಮ್ಮ ಒಂದನ್ನು ಇಟ್ಟುಕೊಂಡು, ಉಳಿದವನ್ನು ಯಾರ್ಯಾರಿಗೋ ಹಂಚಿದಳು. ಅವನು ಕೇಳಲಿಲ್ಲ.

ಇಂಜಿನಿಯರು ಬಂದ ದಿನ ಬೈಲಪ್ಪ ಒಗೆದ ಅಂಗಿ ಹಾಕಿಕೊಂಡು ಬಂದ. ಶೆಡ್ಡಿಗೆ ಹೋದವನು ಬರಿಗೈಯಲ್ಲಿ ಹೊರಗೆ ಬಂದು ನಿಂತ.

"ಮೂಟೆ ಇಲ್ಲ ಅಣ್ಣ."

"ಇಲಿ ಗಿಲಿ ತಿಂದ್ವೋ ಏನೋ," ಎಂದ ಪಿಳ್ಳಪ್ಪ.

ಬೈಲಪ್ಪ ಅವನ ಮುಖ ನೋಡಿದ. "ಹೊಂಗೆಬೀಜ ಇಲಿ ತಿನ್ನಲ್ಲ ಮೇಸ್ತ್ರಣ್ಣ, ಕಹಿ," ಎಂದಷ್ಟೇ ಹೇಳಿ ಸನಿಕೆ ತೆಗೆದುಕೊಂಡು ಕೆಲಸಕ್ಕೆ ಹೋದ. ಆ ಮಾತು ಮತ್ತೆ ಯಾವತ್ತೂ ಅವರಿಬ್ಬರ ನಡುವೆ ಬರಲಿಲ್ಲ.

*

ಮೂರು ಗಂಟೆಗೆ ಚಟ್ಟ ಎತ್ತಿದರು. ತಮಟೆಯವರು ಮುಂದೆ, ಮಡಕೆಯಲ್ಲಿ ಬೆಂಕಿ ಹಿಡಿದ ಆಂಜಿನಪ್ಪ ಅವರ ಹಿಂದೆ. ಪಿಳ್ಳಪ್ಪ ಚಟ್ಟದ ಮುಂದಿನ ಎಡತುದಿಗೆ ಹೆಗಲು ಕೊಟ್ಟ. ವಯಸ್ಸಾಗಿದೆ, ಬಿಡಿ ಎಂದವರ ಮುಂದೆಯೇ ಹೆಜ್ಜೆ ಹಾಕಿದ.

ಪೇಟೆಯ ಕೊನೆಯ ಮನೆ ದಾಟಿದೊಡನೆ ದಾರಿ ಶುರುವಾಯಿತು. ಡಾಂಬರು ರಸ್ತೆಗೂ ಹೊಲದ ಬೇಲಿಗೂ ನಡುವೆ, ಸಾಲುಮರಗಳ ಹಿಂದೆ, ಆರಡಿ ಅಗಲದ ಕೆಂಪು ಗರಸುಮಣ್ಣಿನ ದಾರಿ. ಸುಣ್ಣದ ಗೆರೆ ಹಾಕಿದಂತೆ ನೇರ. ಆಂಜಿನಪ್ಪ ತಂದಿದ್ದ ಲಾರಿ ಪೇಟೆ ಬಾಗಿಲಲ್ಲೇ ಉಳಿಯಿತು.

ಅಲ್ಲಿ ಹಾಲಿನವರು ಕಾಯುತ್ತಿದ್ದರು. ಬೆಂಗಳೂರಿಗೆ ಹಾಲು ಹಾಕಿ ಬಂದವರು, ಕ್ಯಾನುಗಳು ಸೈಕಲ್ಲಿಗೆ ತೂಗಿಕೊಂಡಂತೆಯೇ ಇದ್ದವು. ಒಬ್ಬನೂ ಸೈಕಲ್ಲು ಹತ್ತಲಿಲ್ಲ. ತಳ್ಳಿಕೊಂಡು ಚಟ್ಟದ ಹಿಂದೆ ಸೇರಿದರು. ಖಾಲಿ ಕ್ಯಾನುಗಳು ಒಂದಕ್ಕೊಂದು ತಗುಲಿ ಸದ್ದು ಮಾಡತೊಡಗಿದವು. ಆ ಸದ್ದು ಹೆಚ್ಚುತ್ತಲೇ ಹೋಯಿತು. ಪಿಳ್ಳಪ್ಪನಿಗೆ ಹಿಂದೆ ತಿರುಗಿ ನೋಡಲು ಆಗುವಂತಿರಲಿಲ್ಲ. ಸದ್ದಿನಿಂದಲೇ ಅವನು ಅಳೆಯುತ್ತಿದ್ದ. ಹತ್ತು ಸೈಕಲ್ಲು? ನಲವತ್ತು?

"ಸತ್ರೂ ನಮ್ಮನ್ನ ಎಡಗಡೇನೇ ನಡಸ್ತಾವ್ನೆ ನೋಡೋ," ಎಂದ ಹಿಂದೆ ಬರುತ್ತಿದ್ದ ಹಾಲಿನ ಮುನಿಸ್ವಾಮಿ.

"ನಿನ್ನ ಹಂಗೆ ನಡಸ್ದೇ ಇದ್ದಿದ್ರೆ ನೀನು ಈಗ ಇವನಿಗಿಂತ ಮುಂಚೆ ಹೋಗಿರ್ತಿದ್ದೆ ಕಣಲೇ," ಎಂದಳು ತರಕಾರಿ ಮಾರುವ ಮಾರಕ್ಕ. "ಮೂರು ಸಲ ಲಾರಿಗೆ ಕೊಟ್ಟಿದ್ದೆ ಸೈಕಲ್ಲ."

"ಎರಡು ಸಲ ಮಾರಕ್ಕ. ಮೂರನೇದು ಎಮ್ಮೆ."

ನಗು ಎದ್ದಿತು. ಮಾರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಂಡಕ್ಕಿ ಎರಚುತ್ತಿದ್ದವನು ಎರಚುತ್ತಲೇ ಇದ್ದ.

*

ಮೂಟೆ ಹೋದ ಮೇಲೆ ಬೈಲಪ್ಪ ಅರ್ಜಿ ಬರೆಯಲು ಹಿಡಿದ. ರಸ್ತೆಯ ಪಕ್ಕ ನಡೆಯುವವರಿಗೂ ಸೈಕಲ್ಲಿನವರಿಗೂ ಆರಡಿ ಬಿಡಬೇಕು. ಇಷ್ಟೇ ಅರ್ಜಿ. ಕೆಳಗೆ ಹಾಲಿನವರ, ತರಕಾರಿಯವರ ಹೆಬ್ಬೆಟ್ಟು. ಆರು ವರ್ಷದಲ್ಲಿ ಹದಿನಾಲ್ಕು ಅರ್ಜಿ. ಹದಿನಾಲ್ಕನೆಯದಕ್ಕೆ ಉತ್ತರ ಬಂತು. ಕೆಲಸದ ನಡುವೆ ಮರದ ಕೆಳಗೆ ಕೂತು ಬೈಲಪ್ಪ ಅದನ್ನು ಎಲ್ಲರಿಗೂ ಓದಿ ಹೇಳಿದ. "ಪಾದಚಾರಿಗಳ ಸಂಖ್ಯೆಗೆ ಯಾವುದೇ ದಾಖಲೆ ಇಲ್ಲವಾದ್ದರಿಂದ ಮನವಿಯನ್ನು ಪರಿಶೀಲಿಸಲು ಬರುವುದಿಲ್ಲ."

ಪಿಳ್ಳಪ್ಪ ಬೀಡಿ ಹಚ್ಚಲು ಹೋದ. ಕಡ್ಡಿ ಎರಡು ಸಲ ಆರಿತು.

ಬೈಲಪ್ಪ ಕಾಗದ ಮಡಿಸಿ ಜೇಬಿಗಿಟ್ಟು, ಸಂತೆ ಮುಗಿಸಿ ಹೋಗುತ್ತಿದ್ದ ಮಾರಕ್ಕನನ್ನು ಕೂಗಿದ.

"ಮಾರಕ್ಕ, ವಾಪಸ್ ಹೋಗೋವಾಗ ಮಂಕ್ರಿ ಖಾಲಿ ತಾನೆ?"

"ಖಾಲಿ ಇದ್ರೆ? ನಿನ್ನ ತಲೆ ತುಂಬ್ಕೊಂಡು ಹೋಗ್ಲಾ?"

"ತಲೆ ಬೇಡ, ಗರಸು ತುಂಬ್ಕೊ. ಕೆರೆ ಕೋಡಿ ಹತ್ರ ಬೇಕಾದಷ್ಟು ಐತೆ. ದಾರೀಲಿ ನಿಂಗೆ ಎಲ್ಲಿ ಕಾಲು ಹೂತ್ಕೊಳ್ತದೋ ಅಲ್ಲಿ ಸುರಿದು ಹೋಗು. ದಿನಕ್ಕೊಂದೇ ಮಂಕ್ರಿ."

ಮಾರಕ್ಕ ಬೈದಳು. ಮಾರನೇ ದಿನ ಒಂದು ಮಂಕ್ರಿ ಸುರಿದಳು. ಅವಳನ್ನು ನೋಡಿ ಇನ್ನೊಬ್ಬಳು. ಹಾಲಿನವರನ್ನು ಕೇಳಿದಾಗ ಮುನಿಸ್ವಾಮಿ ಕೈ ಮುಗಿದ. "ಕ್ಯಾನಿಗೆ ಮಣ್ಣು ತುಂಬ್ಸಬೇಡಪ್ಪ. ಹಾಲಿಗೆ ನೀರು ಹಾಕ್ತೀವಿ ಅಂತ ಆಗ್ಲೇ ಹೆಸ್ರು ಬಂದೈತೆ." ಅವರು ಗೋಣಿಚೀಲದಲ್ಲಿ ಕ್ಯಾರಿಯರ್ ಮೇಲೆ ತಂದರು. ಎರಡು ವರ್ಷ ನಾಲ್ಕು ತಿಂಗಳು ಹೀಗೇ ನಡೆಯಿತು. ಯಾರೂ ಹೆಚ್ಚು ತರಲಿಲ್ಲ, ಯಾರೂ ನಿಲ್ಲಿಸಲಿಲ್ಲ. ಕೆಲಸ ಮುಗಿಸಿದ ಮೇಲೆ ಬೈಲಪ್ಪ ಒಬ್ಬನೇ ಅದನ್ನು ದಮ್ಮಸ್ಸಿನಿಂದ ಗುದ್ದಿ ಗಟ್ಟಿ ಮಾಡುತ್ತಿದ್ದ.

ಆ ದಮ್ಮಸ್ಸು ಗ್ಯಾಂಗಿನದು. ಸಂಜೆ ಶೆಡ್ಡಿನಿಂದ ಮಾಯವಾಗಿ ಬೆಳಿಗ್ಗೆ ಅದೇ ಜಾಗದಲ್ಲಿರುತ್ತಿತ್ತು. ಪಿಳ್ಳಪ್ಪ ಕೇಳಲಿಲ್ಲ. ಕೆಲವು ದಿನಗಳಾದ ಮೇಲೆ ಶೆಡ್ಡಿಗೆ ಬೀಗ ಹಾಕುವುದನ್ನೇ ನಿಲ್ಲಿಸಿದ. ಹೇಳಬೇಕಾದದ್ದನ್ನು ಹೇಳಲಾರದ ಅವನ ಕೈಯಲ್ಲಿ ಆದದ್ದು ಅಷ್ಟೇ.

*

ಕ್ರಾಸಿನ ಹೊಂಗೆಮರದ ಕೆಳಗೆ ಚಟ್ಟ ಇಳಿಸಿದರು. ಮಸಣಕ್ಕೆ ಮುಟ್ಟುವ ಮುಂಚೆ ಒಂದು ಕಡೆ ಇಳಿಸಿ, ತಲೆಯ ದಿಕ್ಕು ಬದಲಿಸಿ, ಹಿರಿಯರೊಬ್ಬರು ಕಿವಿಯಲ್ಲಿ ಮೂರು ಸಲ ಹೆಸರು ಕೂಗುವುದು ವಾಡಿಕೆ. ಜೀವ ಎಲ್ಲಾದರೂ ಅಡಗಿದ್ದರೆ ಓಗೊಡಲಿ ಎಂದು.

"ಮೇಸ್ತ್ರಣ್ಣ, ನೀವೇ ಕರೀರಿ," ಎಂದ ಆಂಜಿನಪ್ಪ.

ತಮಟೆ ನಿಂತಿತು. ಪಿಳ್ಳಪ್ಪ ಮೊಣಕಾಲೂರಿದ. ಸುತ್ತಲೂ ಒಣಗಿದ ಹೊಂಗೆಕಾಯಿ ಉದುರಿ ಬಿದ್ದಿದ್ದವು. ಹನ್ನೆರಡು ವರ್ಷದ ಹಿಂದೆ ಮೇಜು ಹಾಕಿದ್ದ ಜಾಗ ಅದೇ.

"ಬೈಲಪ್ಪಾ," ಎಂದ ಗಟ್ಟಿಯಾಗಿ. ಗಾಳಿಯೂ ಇರಲಿಲ್ಲ.

"ಬೈಲಪ್ಪಾ."

ಮೂರನೇ ಸಲ ಅವನು ಬಾಗಿ ತುಟಿಯನ್ನು ಕಿವಿಗೇ ಹಚ್ಚಿದ. ಏನೋ ಹೇಳಿದ. ಹೆಸರಿಗಿಂತ ಉದ್ದವಾದದ್ದು.

"ಮೂರನೇದು ಕೇಳಿಸ್ಲಿಲ್ಲವಲ್ಲ," ಎಂದ ಯಾರೋ ಮುದುಕ.

"ಅವನಿಗೆ ಕೇಳಿಸ್ತು ಬಿಡಪ್ಪ," ಎಂದಳು ಚಟ್ಟದ ತಲೆಯ ಬಳಿ ನಿಂತಿದ್ದ ಮಾರಕ್ಕ. ಅವಳ ಪಕ್ಕದಲ್ಲಿ ಅನುಸೂಯಮ್ಮ ತಲೆ ತಗ್ಗಿಸಿ ನಿಂತಿದ್ದಳು. ಪಿಳ್ಳಪ್ಪ ಏಳುವಾಗ ನೆಲಕ್ಕೆ ಕೈ ಊರಿದ. ಮುಷ್ಟಿಯಲ್ಲಿ ಹೊಂಗೆಕಾಯಿ ಬಂದವು. ಬಿಸಾಡಲು ಮನಸ್ಸು ಬಾರದೆ ಜೇಬಿಗೆ ಹಾಕಿಕೊಂಡ.

ಆಮೇಲೆ ಅವನು ಜವರಪ್ಪನ ಕೈಯಿಂದ ಒಂದು ಬಾವುಟ ಇಸಿದುಕೊಂಡು ರಸ್ತೆಯ ನಡುವೆ ಹೋಗಿ ನಿಂತ. ಆ ಕಡೆಗೆ ಜವರಪ್ಪ, ಈ ಕಡೆಗೆ ಅವನು. ಕೋಲಾರದ ಕಡೆಯಿಂದ ಬರುತ್ತಿದ್ದ ಲಾರಿ ಹಾರನ್ನು ಹೊಡೆಯಿತು, ಮತ್ತೆ ಹೊಡೆಯಿತು, ಕೊನೆಗೆ ಅವನಿಂದ ಹತ್ತು ಮಾರು ದೂರದಲ್ಲಿ ಉಸಿರು ಬಿಟ್ಟು ನಿಂತಿತು. ಅದರ ಹಿಂದೆ ಇನ್ನೊಂದು. ಬಸ್ಸು. ಮತ್ತೆ ಲಾರಿ.

ಚಟ್ಟ ದಾಟಿತು. ಈಗ ಮಾತ್ರ ಪಿಳ್ಳಪ್ಪ ತಿರುಗಿ ನೋಡಿದ.

ಸಾಲುಮರಗಳ ಹಿಂದಿನ ಕೆಂಪು ದಾರಿ ಪೇಟೆಯವರೆಗೂ ಕಾಣಲಿಲ್ಲ. ಅದರ ತುಂಬ ಜನ. ಸೈಕಲ್ಲು ತಳ್ಳುವವರು, ಖಾಲಿ ಮಂಕ್ರಿಯನ್ನು ಸೊಂಟಕ್ಕಿಟ್ಟುಕೊಂಡವರು, ಕೋಲೂರುವವರು. ಊರಿನವರಲ್ಲದ ಮುಖಗಳು. ಯಾರೂ ನೂಕುತ್ತಿರಲಿಲ್ಲ. ಒಬ್ಬರ ಹಿಂದೆ ಒಬ್ಬರು ರಸ್ತೆಗೆ ಇಳಿದು, ನಿಂತ ಲಾರಿಗಳ ಮೂತಿಯ ಮುಂದೆ, ಓಡದೆ, ಬೇಲಿಗೆ ಒತ್ತಿಕೊಳ್ಳದೆ ನಡೆದು ಹೋದರು. ಇಂಜಿನ್ನುಗಳ ಗುರುಗುಟ್ಟುವಿಕೆಯ ನಡುವೆಯೂ ಕ್ಯಾನುಗಳ ಸದ್ದು ಕೇಳುತ್ತಿತ್ತು.

ಮೊದಲ ಲಾರಿಯ ಡ್ರೈವರು ಇಳಿದು ಬಂದ. ಬೈಯಲೆಂದೇ ಬಂದವನು. ಸ್ವಲ್ಪ ಹೊತ್ತು ನೋಡಿದವನು ತಲೆಗೆ ಸುತ್ತಿದ್ದ ಟವಲು ಬಿಚ್ಚಿದ.

"ಯಾರು ಅಣ್ಣೇ? ಎಮ್ಮೆಲ್ಲೆಯಾ?"

"ಗ್ಯಾಂಗ್‌ಮನ್," ಎಂದ ಪಿಳ್ಳಪ್ಪ.

"ಗ್ಯಾಂಗ್‌ಮನ್ನಾ?" ಡ್ರೈವರು ಮತ್ತೆ ಆ ಸಾಲನ್ನು ನೋಡಿದ. ಲಾರಿಗೆ ವಾಪಸ್ಸು ಹೋಗಿ ಇಂಜಿನ್ ಆರಿಸಿದ. ಹಿಂದಿನ ಲಾರಿಯೂ ಆರಿಸಿತು. ಬಸ್ಸೂ ಆರಿಸಿತು. ಹುಟ್ಟಿದಾಗಿನಿಂದ ನೋಡುತ್ತ ಬಂದ ಆ ರಸ್ತೆ ಅಷ್ಟು ನಿಶ್ಶಬ್ದವಾದದ್ದನ್ನು ಪಿಳ್ಳಪ್ಪ ಎಂದೂ ಕಂಡಿರಲಿಲ್ಲ. ನೂರಾರು ಅಂಗಾಲುಗಳು ಡಾಂಬರಿಗೆ ತಗುಲುವ ಸದ್ದು, ಮೆತ್ತಗೆ, ಮಳೆ ಶುರುವಾಗುವ ಮುನ್ನ ಎಲೆಗಳ ಮೇಲೆ ಬೀಳುವ ಹನಿಗಳಂತೆ. ತೋಳು ನೋಯುತ್ತಿದ್ದರೂ ಎತ್ತಿ ಹಿಡಿದ ಬಾವುಟವನ್ನು ಅವನು ಇಳಿಸಲಿಲ್ಲ.

*

ಮಣ್ಣು ಮಾಡಿ ಬಂದವರು ಕಾಲು ತೊಳೆದು, ಹೆಣ ಕೂರಿಸಿದ್ದ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ, ಹೋಗಿ ಬರುತ್ತೇನೆಂದು ಹೇಳದೆ ಹೊರಡಬೇಕು. ಪಿಳ್ಳಪ್ಪ ಬಂದಾಗ ಹೊತ್ತು ಮುಳುಗುತ್ತಿತ್ತು. ಜಗಲಿಯ ಮೇಲೆ ಅನುಸೂಯಮ್ಮ ಹಣತೆಗೆ ಎಣ್ಣೆ ಹಾಕುತ್ತಿದ್ದಳು.

ಅವಳ ಕೈಯಲ್ಲಿ ಆಸ್ಪತ್ರೆಯ ಔಷಧಿ ಬಾಟಲಿ ಇತ್ತು. ಜೋಳದ ಬೆಂಡಿನ ಬಿರಡೆ. ಬಿರಡೆಗೆ ಸುತ್ತಿದ ನೀಲಿ ಸೀರೆಯಂಚಿನ ಚೂರು. ಆ ಸೀರೆ ತೀರಿಹೋದ ತನ್ನ ಹೆಂಡತಿಯದೆಂದು ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಬತ್ತಿ ಹೊತ್ತಿಕೊಂಡಿತು. ಹೊಂಗೆಯ ಕಹಿ ವಾಸನೆ ಹರಡಿತು.

"ಆದಿಲಕ್ಷ್ಮಕ್ಕ ಕಳಿಸಿದ್ದು," ಎಂದಳು ಅನುಸೂಯಮ್ಮ, ಬತ್ತಿಯನ್ನೇ ನೋಡುತ್ತ. "ಆವತ್ತು ಇವರು ಬಾಟ್ಲು ಮೂಸಿ ನೋಡಿದ್ರು. ಬೆಳಕಿಗೆ ಹಿಡಿದು ಬಾಳ ಹೊತ್ತು ನೋಡಿದ್ರು. 'ಅನುಸೂಯ, ಇದರೊಳ್ಗೆ ಒಂಬತ್ತು ಸಾವಿರ ಜನ ಅವ್ರೆ, ಚೆಲ್ಲಬೇಡ' ಅಂದ್ರು. ಅರ್ಜಿ ಬರ್ಯೋವಾಗ ಮಾತ್ರ ಹಚ್ತಿದ್ರು. ತಳದಾಗೆ ಇಷ್ಟು ಉಳಿದಿತ್ತು."

ಪಿಳ್ಳಪ್ಪ ದೀಪದ ಹತ್ತಿರಕ್ಕೆ ಬಗ್ಗಿದ. "ಅವನಿಗೆ ಗೊತ್ತಿತ್ತಾ?"

"ಒಂದಿನ ನಾನೇ ಅಂದೆ, ಮೇಸ್ತ್ರಣ್ಣನ್ನ ಕೇಳ್ಬಾರ್ದಾ ಅಂತ. 'ಅವರೇ ಹೇಳ್ತಾರೆ ಬಿಡು, ಇವತ್ತಲ್ಲ ನಾಳೆ' ಅಂದ್ರು." ಅವಳು ಬಿರಡೆಯನ್ನು ಬಾಟಲಿಗೆ ತಿರುಗಿಸಿ ಹಾಕಿದಳು. "ಹೇಳಿದ್ರಲ್ಲ ಇವತ್ತು. ಮೂರನೇ ಸಲ."

ಅವಳು ಪಕ್ಕಕ್ಕೆ ಸರಿದು ಬರುವವರಿಗೆ ಜಾಗ ಬಿಟ್ಟಳು. ಪಿಳ್ಳಪ್ಪ ಕಂಬದ ಬಳಿ ಕೂತ. ಮುನಿಸ್ವಾಮಿ ಬಂದು ದೀಪ ನೋಡಿ ಹೋದ. ಮಾರಕ್ಕ ಬಂದು ದೀಪ ನೋಡಿ ಹೋದಳು. ಹೆಸರು ಗೊತ್ತಿಲ್ಲದವರು ಬಂದರು. ಬಾಗಿದವರ ಮುಖಗಳು ಒಂದೊಂದಾಗಿ ಆ ಬೆಳಕಿಗೆ ಬಂದು, ಒಂದೊಂದಾಗಿ ಹೊರಗೆ ಹೋದವು.

ಅವನು ಜೇಬಿಗೆ ಕೈ ಹಾಕಿ ಒಂದು ಕಾಯಿ ಸುಲಿದ. ಬೀಜವನ್ನು ಕಂಬದ ಬುಡದಲ್ಲಿಟ್ಟ. ಮುಂದಿನವರಿಗೆ ಇನ್ನೊಂದು. ಕೂಸನ್ನು ಎತ್ತಿಕೊಂಡು ಬಂದ ಹೆಂಗಸಿಗೆ ಎರಡು.

ಜೇಬು ಬರಿದಾಯಿತು. ಬೀದಿಯ ಕೊನೆಯವರೆಗೂ ಜನ ನಿಂತಿದ್ದರು. ಅವರ ಹಿಂದೆ, ಕೆಂಪು ದಾರಿಯ ಕಡೆಯಿಂದ, ಖಾಲಿ ಕ್ಯಾನುಗಳ ಸದ್ದು ಇನ್ನೂ ಬರುತ್ತಿತ್ತು.